ತೂಗುಕಂಬದ ಬುಡದಲ್ಲಿ ಕಾಲುಂಗುರ

"ಇನ್ನೊಂದ್ ಸಲ ತೋರಿಸಿ," ಎಂದಳು ಸರಳಾ.

ಕಶ್ಯಪ್ ಫೋನು ಕೊಡುವವನ ಹಾಗೆ ಕೈ ಚಾಚಿ ಅರ್ಧದಲ್ಲೇ ತಡೆದ. "ಎಷ್ಟ್ ಸಲ ನೋಡ್ತೀರಾ ಮೇಡಂ? ಪೊಲೀಸ್ರು ನೋಡಾಯ್ತು, ನೀವೂ ಎರಡು ಸಲ ನೋಡಾಯ್ತು. ನಾಲ್ಕು ಗಂಟೆಗೆ ಬಾರ್ಡರ್ ಆಚೆ ಪೊಲೀಸ್ನೋರು ಬಂದು ಅವನನ್ನ ಕರ್ಕೊಂಡ್ ಹೋಗ್ತಾರೆ. ಇನ್ನೇನ್ ಉಳಿದಿದೆ?"

ಉಳಿದಿದ್ದದ್ದು ಇಷ್ಟೇ. ಮಂಗಳವಾರ ಬೆಳಿಗ್ಗೆ ಯಲಹಂಕ ನ್ಯೂಟೌನಿನ ಈ ಮನೆಯಿಂದ, ಗೈಡ್ ಉಮೇಶನ ಕಾರಿನಲ್ಲಿ ಒಬ್ಬರೇ ಬಾರ್ಡರ್ ಆಚೆಯ ಲೇಪಾಕ್ಷಿ ನೋಡಲು ಹೋದ ಪುಟ್ಟಲಕ್ಷ್ಮಿ ಟೀಚರ್ ವಾಪಸ್ ಬಂದಿರಲಿಲ್ಲ. ಖಾಲಿ ಕಾರು ತಂದ ಉಮೇಶ ಬುಧವಾರ ಮಧ್ಯಾಹ್ನದಿಂದ ಠಾಣೆಯಲ್ಲಿದ್ದ. ಕಾರು ಓಡಿಸುವವನೂ ಅವನೇ, ಶಿಲ್ಪ ತೋರಿಸಿ ಕಥೆ ಹೇಳುವವನೂ ಅವನೇ. ಅಮೃತಹಳ್ಳಿಯ ಅವನ ಹೆಂಡತಿ ವೇದಾ ಈಗ ಗೇಟಿನ ಹೊರಗೆ ಸ್ಕೂಟರಿಗೆ ಒರಗಿ ನಿಂತಿದ್ದಳು. ಮಂಗಳವಾರ ರಾತ್ರಿ ಎಂಟಕ್ಕೆಲ್ಲ ಗಂಡ ಮನೆಗೆ ಬಂದು ಮಲಗಿದ್ದ ಅಂತ ಹೇಳಿ ಸರಳಾಳನ್ನು ಈ ಕೆಲಸಕ್ಕೆ ಕರೆತಂದವಳು ಅವಳೇ. ಅವಳನ್ನು ಒಳಗೆ ಬಿಟ್ಟುಕೊಳ್ಳಲು ಟೀಚರ್ ಅಣ್ಣನ ಮಗ ಕಶ್ಯಪ್ ಒಪ್ಪಿರಲಿಲ್ಲ.

ಇವತ್ತು ಗುರುವಾರ. ಗೋಡೆಯ ಗಡಿಯಾರ ಹನ್ನೊಂದೂ ನಲವತ್ತು ತೋರಿಸುತ್ತಿತ್ತು. ಸರಳಾಗೆ ಕುರ್ಚಿಯಲ್ಲಿ ಕೂತರೆ ಏಳಬೇಕು ಅನಿಸುತ್ತಿತ್ತು, ಎದ್ದರೆ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತಿರಲಿಲ್ಲ. ಸಹಕಾರನಗರದ ಬೇಕರಿಯ ಮೇಲಿನ ಅವಳ ಪುಟ್ಟ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಅವಳು ಮಾಡಿದ್ದು ಗಂಡುಗಳ ಹಿನ್ನೆಲೆ ವಿಚಾರಣೆ. ಹುಡುಗ ಕುಡೀತಾನಾ, ಹೇಳಿದ ಕೆಲಸ ನಿಜಾನಾ, ಬೇರೆ ಯಾರಾದರೂ ಇದ್ದಾರಾ. ಅಲ್ಲಿ ಗಡುವು ಅಂದರೆ ಮುಹೂರ್ತ. ತಪ್ಪಿದರೆ ಇನ್ನೊಂದು ಮುಹೂರ್ತ ಸಿಗುತ್ತಿತ್ತು. ಇಲ್ಲಿ ಹಾಗಿರಲಿಲ್ಲ.

"ಕೊಡ್ರೀ," ಎಂದು ಅವಳೇ ಫೋನು ಕಿತ್ತುಕೊಂಡಳು.

ಉಮೇಶನದು ಒಂದು ಪದ್ಧತಿ. ಮನೆಯ ಹಿರಿಯರನ್ನು ಒಬ್ಬರೇ ಕರೆದುಕೊಂಡು ಹೋದಾಗ, ಬುಕ್ ಮಾಡಿದವರಿಗೆ ದಾರಿಯುದ್ದಕ್ಕೂ ಫೋಟೋ ಕಳಿಸುತ್ತಿದ್ದ. ಮಗನಿಗೆ, ಸೊಸೆಗೆ ಸಮಾಧಾನ ಇರಲಿ ಅಂತ. ಮಂಗಳವಾರವೂ ಹಾಗೇ ಹನ್ನೊಂದು ಫೋಟೋ ಬಂದಿದ್ದವು. ಕಾರಿನ ಹಿಂದಿನ ಸೀಟಿನಲ್ಲಿ ಒಂದು. ರಸ್ತೆ ಬದಿಯ ದೊಡ್ಡ ನಂದಿಯ ಮುಂದೆ ಎರಡು. ಏಳು ಹೆಡೆಯ ನಾಗನ ಹತ್ತಿರ, ಅರ್ಧಕ್ಕೆ ನಿಂತ ಮಂಟಪದ ಹತ್ತಿರ, ಸೀತೆಯ ಪಾದ ಅಂತ ತೋರಿಸುವ ಬಂಡೆಯ ಹತ್ತಿರ. ಕೊನೆಯದು ತೂಗುಕಂಬ. ನೆಲಕ್ಕೆ ಪೂರ್ತಿ ತಾಗದ ಆ ಕಲ್ಲುಕಂಬದ ಅಡಿಯಲ್ಲಿ ಬಂದವರೆಲ್ಲ ಬಟ್ಟೆ ತೂರಿಸಿ ಈ ಕಡೆಯಿಂದ ಆ ಕಡೆಗೆ ಎಳೆಯುತ್ತಾರೆ. ಹಾಗೆ ಮಾಡದೆ ಲೇಪಾಕ್ಷಿಯಿಂದ ಯಾರೂ ಹೊರಡುವುದಿಲ್ಲ.

ಎಲ್ಲ ಫೋಟೋದಲ್ಲೂ ಅದೇ ಪಾಚಿ ಬಣ್ಣದ ಸೀರೆ, ಕಣ್ಣಿನ ಪೊರೆ ಆಪರೇಷನ್ ಆದವರು ಹಾಕುವ ದಪ್ಪ ಕಪ್ಪು ಕನ್ನಡಕ, ಮೂಗಿನ ಮೇಲಿನವರೆಗೆ ಮಾಸ್ಕ್.

"ಧೂಳು ಆಗಲ್ಲ ಅತ್ತೆಗೆ," ಎಂದ ಕಶ್ಯಪ್, ಕೇಳದೆಯೇ. "ಆಪರೇಷನ್ ಆಗಿ ಎರಡು ವಾರ."

ಸರಳಾ ಕಂಬದ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು. ಹೆಂಗಸು ಮಂಡಿಯೂರಿ ಬಗ್ಗಿದ್ದಾಳೆ. ಟವೆಲಿನ ತುದಿ ಕಂಬದ ಅಡಿ ಹೋಗಿದೆ. ಮುಖ ಕಾಣುವುದಿಲ್ಲ, ಅದು ಮೊದಲೇ ಗೊತ್ತಿತ್ತು. ಅವಳು ಫೋಟೋವನ್ನು ಕೆಳಗೆ ಜರುಗಿಸಿದಳು. ಬೆನ್ನು, ಸೀರೆಯ ಅಂಚು, ಮಡಿಸಿದ ಪಾದ. ಪಾದದ ಬೆರಳು ನೆಲಕ್ಕೆ ಊರಿ ಹಿಮ್ಮಡಿ ಮೇಲೆದ್ದಿತ್ತು.

ಅವಳು ಮತ್ತೆ ಮೊದಲ ಫೋಟೋಗೆ ಹೋದಳು. ಕಾರಿನಲ್ಲಿ ಕಾಲಿಗೆ ಕ್ಯಾನ್ವಾಸ್ ಶೂ. ನಂದಿಯ ಮುಂದೆಯೂ ಶೂ. ದೇವಸ್ಥಾನದ ಒಳಗಿನ ಫೋಟೋಗಳಲ್ಲಿ ಸೀರೆಯ ನೆರಿಗೆ ಪಾದ ಮುಚ್ಚಿತ್ತು. ಶೂ ಬಿಟ್ಟು ಬರಿಗಾಲಲ್ಲಿ ನಡೆದ ಹೆಂಗಸಿನ ಪಾದ ಕಂಡದ್ದು ಮಂಡಿಯೂರಿದ ಈ ಒಂದರಲ್ಲಿ ಮಾತ್ರ.

ನಿಧಾನ ಕಣೇ, ಎಂದು ತನಗೆ ತಾನೇ ಹೇಳಿಕೊಂಡಳು.

"ಕಶ್ಯಪ್, ನಿಮ್ಮ ಅತ್ತೆ ಮದುವೆ ಆಗಿದ್ರಾ?"

"ಇಲ್ಲ. ಯಾಕೆ?"

"ಯಾವತ್ತೂ?"

"ಮೇಡಂ, ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತಾ ಇದ್ಬಿಟ್ರು. ನಮ್ಮಪ್ಪ, ತಾತ ಎಷ್ಟ್ ಹೇಳಿದ್ರೂ ಮದುವೆ ಬೇಡ ಅಂದ್ರು. ಎಪ್ಪತ್ತಾಯ್ತು ಈಗ."

ಸರಳಾ ಫೋನನ್ನು ಅವನ ಮುಖದ ಮುಂದೆ ಹಿಡಿದಳು. "ಹಾಗಾದ್ರೆ ಇದೇನು?"

ಕಶ್ಯಪ್ ಕಣ್ಣು ಕಿರಿದು ಮಾಡಿದ. ಕಂಬದ ಬುಡದ ಕಲ್ಲಿಗೆ ಊರಿದ ಎರಡನೆಯ ಬೆರಳಿನಲ್ಲಿ ಬೆಳ್ಳಿಯ ಕಾಲುಂಗುರ ಇತ್ತು. ಒಂದಲ್ಲ, ಒಂದರ ಮೇಲೊಂದು ಮೂರು ಸುತ್ತು. ಹಳೆಯದು, ಸವೆದದ್ದು. ಬೆರಳಿನ ಮಾಂಸ ಅದರ ಎರಡೂ ಕಡೆ ಉಬ್ಬಿತ್ತು. ಇಪ್ಪತ್ತು ಮೂವತ್ತು ವರ್ಷದಿಂದ ಅಲ್ಲೇ ಕೂತ ಉಂಗುರ. ಸೋಪು ಹಚ್ಚಿ ಎಳೆದರೂ ಬರದಂಥದ್ದು.

"ತಾಳಿ ಸೆರಗಿನೊಳಗೆ ಮುಚ್ಚಿದ್ದಾಳೆ. ಬಳೆ ತೆಗೆದಿದ್ದಾಳೆ. ಇದು ಬಂದಿಲ್ಲ. ಶೂ ಇದೆಯಲ್ಲ ಅಂತ ಬಿಟ್ಟಿದ್ದಾಳೆ," ಎಂದಳು ಸರಳಾ. "ದೇವಸ್ಥಾನದಲ್ಲಿ ಶೂ ಬಿಡಬೇಕು ಅನ್ನೋದು ಮರ್ತೋಗಿದೆ. ಇವ್ರು ನಿಮ್ಮತ್ತೆ ಅಲ್ಲ."

ಕಶ್ಯಪ್ ಸೋಫಾದ ತೋಳಿನ ಮೇಲೆ ಕೂತ. ಅವನ ಮುಖದ ಮೇಲೆ ಮೊದಲು ಬಂದದ್ದು ಹೆದರಿಕೆ, ಆಶ್ಚರ್ಯವಲ್ಲ. ಸರಳಾಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು. ಎಷ್ಟೋ ಗಂಡಿನ ಕಡೆಯವರ ಮುಖದಲ್ಲಿ ನೋಡಿದ್ದಾಳೆ.

"ಬೆಳಿಗ್ಗೆ ಕಾರು ಹತ್ತಿಸಿದ್ದು ಯಾರು?"

"ನಾನಲ್ಲ. ನಾನು ಆರ್.ಟಿ. ನಗರದಲ್ಲಿದ್ದೆ. ಆರೂವರೆಗೆ ಅತ್ತೆ ಫೋನ್ ಮಾಡಿ ಹೊರಟೆ ಕಣೋ ಅಂದ್ರು."

"ಟ್ರಿಪ್ ಬುಕ್ ಮಾಡಿದ್ದು ನೀವು."

"ಹೌದು. ಎಪ್ಪತ್ತು ತುಂಬ್ತು ಅಂತ ಗಿಫ್ಟು."

"ಹುಟ್ಟಿದ ಹಬ್ಬ ಯಾವತ್ತು?"

ಅವನು ಬೆರಳು ಎಣಿಸತೊಡಗಿದ.

"ಹಾಲ್‍ನಲ್ಲಿ ಕ್ಯಾಲೆಂಡರ್ ಇದೆ, ಟೀಚರ್ ಎಲ್ಲರ ಹುಟ್ಟಿದ ಹಬ್ಬಾನೂ ಗುರುತು ಹಾಕಿದ್ದಾರೆ. ನಿಮ್ಮದೂ ಇದೆ. ಅವ್ರದ್ದು ಫೆಬ್ರವರಿ. ಈಗ ಆಗಸ್ಟ್. ಆರು ತಿಂಗಳು ಲೇಟಾಗಿ ಗಿಫ್ಟ್ ಕೊಡೋ ಅಳಿಯ ನೀವು?" ಸರಳಾ ಅವನ ಎದುರು ಕುರ್ಚಿ ಎಳೆದುಕೊಂಡಳು. "ಅವತ್ತು ಅವ್ರು ಮನೇಲಿ ಇರಬಾರದಿತ್ತು. ಅದಕ್ಕೇ ತಾನೇ? ಇಡೀ ದಿನ, ಬಾರ್ಡರ್ ದಾಟಿ, ದೂರ."

"ಮೇಡಂ, ನೀವು ತಿಳ್ಕೊಂಡ ಹಾಗಲ್ಲ."

"ನಾನು ಏನ್ ತಿಳ್ಕೊಂಡಿದ್ದೀನಿ ಅಂತ ಇನ್ನೂ ಹೇಳೇ ಇಲ್ವಲ್ಲ."

ಮೇಲೆ ವಿಮಾನವೊಂದು ಕಿಟಕಿಯ ಗಾಜು ನಡುಗುವಂತೆ ಹೋಯಿತು. ಕಶ್ಯಪ್ ತಲೆ ಎತ್ತದೆಯೇ ಹೇಳಿದ.

"ಬಿಲ್ಡರ್ ಮುನಿಕೃಷ್ಣಪ್ಪನ ಕಡೆಯವರು ಮನೆ ಅಳತೆ ನೋಡ್ಬೇಕು ಅಂದ್ರು. ಅತ್ತೆ ಇದ್ರೆ ಗೇಟ್ ಒಳಗೂ ಬಿಡಲ್ಲ. ಒಂದು ದಿನ ಎಲ್ಲಾದ್ರೂ ಕಳಿಸೋಣ ಅಂತ... ಅತ್ತೇನೇ ಲೇಪಾಕ್ಷಿ ಅಂದ್ರು. ಉಮೇಶನ ನಂಬರೂ ಅವ್ರೇ ಕೊಟ್ಟಿದ್ದು. ನಾನು ಬುಕ್ ಮಾಡ್ದೆ, ಅಷ್ಟೇ. ಹತ್ತು ಗಂಟೆಗೆ ಬಂದ್ವಿ, ಅಳತೆ ಮಾಡ್ಕೊಂಡು ಹನ್ನೊಂದೂವರೆಗೆ ಹೋದ್ವಿ. ಸಂಜೆ ಆರೂಮುಕ್ಕಾಲಿಗೆ ನಾನು ಗೇಟ್ ಹತ್ರ ಬಂದು ನಿಂತೆ, ಏನೂ ಗೊತ್ತಿಲ್ಲದವನ ಹಾಗೆ. ದೇವರಾಣೆ ಇಷ್ಟೇ."

"ಎಲ್ಲಾ ರೂಮೂ ಅಳತೆ ಮಾಡಿದ್ರಾ?"

"ಹಿಂದಿನ ರೂಮಿಗೆ ಬೀಗ ಹಾಕಿತ್ತು. ಪುಸ್ತಕ ಇಟ್ಟಿರ್ತಾರೆ. ಒಳಗೆ ಏನೋ ಬಿದ್ದ ಸದ್ದಾಯ್ತು. ಬೆಕ್ಕು ಅಂದ್ಕೊಂಡೆ."

ಹೇಳಿದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎರಡು ದಿನದಿಂದ ಎರಡು ರಾಜ್ಯದ ಪೊಲೀಸರು ನೂರು ಕಿಲೋಮೀಟರ್ ಆಚೆ ಬಾವಿ, ಬೇಲಿ, ಬಸ್ ಸ್ಟ್ಯಾಂಡ್ ಜಾಲಾಡುತ್ತಿದ್ದರು. ಈ ಮನೆಯ ಹಿಂದಿನ ರೂಮನ್ನು ಯಾರೂ ತೆರೆದಿರಲಿಲ್ಲ.

ಸರಳಾ ಓಡಿದಳು. ಅಡುಗೆಮನೆ ದಾಟಿ, ಸಣ್ಣ ಪಡಸಾಲೆ ದಾಟಿ. ಬಾಗಿಲಿಗೆ ಹಿತ್ತಾಳೆಯ ಬೀಗ ಬಿದ್ದಿತ್ತು. "ಟೀಚರ್!" ಎಂದು ಬಾಗಿಲು ಬಡಿದಳು. ಮತ್ತೆ ಬಡಿದಳು. ಉತ್ತರ ಇಲ್ಲ.

"ಬೀಗದ ಕೈ?"

"ನನ್ನ ಹತ್ರ ಇಲ್ಲ ಮೇಡಂ. ಅಮ್ಮನಾಣೆ ಇಲ್ಲ."

"ಸುತ್ತಿಗೆ ತಗೊಂಬನ್ನಿ," ಎಂದವಳೇ ಹೊರಗೆ ಗೇಟಿಗೆ ಬಂದಳು. ವೇದಾ ಸ್ಕೂಟರು ಬಿಟ್ಟು ನೆಟ್ಟಗೆ ನಿಂತಳು. ಬೆಳಿಗ್ಗೆಯಿಂದ ನೀರು ಕೂಡ ಕುಡಿದಿರಲಿಲ್ಲ ಹುಡುಗಿ. ತುಟಿ ಒಣಗಿತ್ತು.

"ವೇದಾ, ಖುಷಿ ಸುದ್ದಿ. ಲೇಪಾಕ್ಷಿಗೆ ಹೋಗಿದ್ದು ಟೀಚರ್ ಅಲ್ಲ, ಬೇರೆ ಹೆಂಗಸು. ಟೀಚರ್ ಅಲ್ಲಿಗೆ ಹೋಗೇ ಇಲ್ಲ ಅಂದ್ಮೇಲೆ ನಿನ್ನ ಗಂಡನ್ನ ಅಲ್ಲಿಗೆ ಕಳಿಸಕ್ಕಾಗಲ್ಲ. ನೋಡಿಲ್ಲಿ."

ವೇದಾ ಫೋಟೋ ನೋಡಿದಳು. ಸರಳಾ ಅವಳ ಮುಖ ಅರಳುವುದನ್ನು ಕಾಯುತ್ತಿದ್ದಳು. ಅದು ಅರಳಲಿಲ್ಲ. ವೇದಾ ಆ ಪಾದವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿದಳು.

"ಇದು ನಮ್ಮತ್ತೆ ಕಾಲು," ಎಂದಳು.

"ಯಾರದು?"

"ನಮ್ಮತ್ತೆ. ಮುನಿವೆಂಕಟಮ್ಮ. ವಾರಕ್ಕೊಂದ್ ಸಲ ನಾನೇ ಎಣ್ಣೆ ಹಚ್ಚಿ ತಿಕ್ಕೋದು ಮೇಡಂ ಈ ಕಾಲನ್ನ. ಮೂರು ಸುತ್ತಿನ ಉಂಗುರ, ಕಿರುಬೆರಳು ಹಿಂಗೆ ಒಳಕ್ಕೆ ಸೊಟ್ಟ."

ಗೈಡ್ ತನ್ನ ತಾಯಿಯನ್ನೇ ಗಿರಾಕಿ ಅಂತ ಕೂರಿಸಿಕೊಂಡು ಹೋಗಿದ್ದಾನೆ. ಅಂದ ಮೇಲೆ ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ, ಕಂಬದ ಹತ್ತಿರ ಬಂದಾಗ ಸಾವಿರ ಸಲ ಮಾಡಿದ್ದನ್ನೇ ಮಾಡಿದ್ದಾನೆ: ಮಂಡಿಯೂರಿ ಅಂದಿದ್ದಾನೆ, ಟವೆಲ್ ಕೊಟ್ಟಿದ್ದಾನೆ, ಕ್ಲಿಕ್ ಮಾಡಿ ಕಳಿಸಿದ್ದಾನೆ. ಕೈಗೆ ಅಷ್ಟು ರೂಢಿ.

"ಫೋನ್ ಮಾಡು. ಸ್ಪೀಕರ್ ಹಾಕು."

ಹುಣಸಮಾರನಹಳ್ಳಿಯಲ್ಲಿ ಫೋನು ಎಂಟು ಸಲ ರಿಂಗಾದ ಮೇಲೆ ಎತ್ತಿದರು. ವೇದಾ ಒಂದೇ ಮಾತು ಕೇಳಿದಳು. "ಅತ್ತೆ, ಮಂಗಳವಾರ ಲೇಪಾಕ್ಷಿಗೆ ಹೋಗಿದ್ದು ನೀವಾ?"

ಆ ಕಡೆ ಕೋಳಿ ಕೂಗುತ್ತಿತ್ತು.

"ಊಂ ಕಣವ್ವ, ನಾನೇ ಓಗಿದ್ದು." ಮುದುಕಿಯ ದನಿ ಒಡೆಯಿತು. "ಮೇಷ್ಟ್ರಮ್ಮ ಬೇಡ್ಕೊಂಡ್ರು. ಇಪ್ಪತ್ತೊರ್ಸ ಅವ್ರ ಇಸ್ಕೂಲಲ್ಲಿ ಆಯಾ ಆಗಿದ್ದೋಳು, ಎಂಗೆ ಇಲ್ಲ ಅನ್ಲಿ? ಅವ್ರಣ್ಣನ್ ಮಗ ಮನೆ ಮಾರಕ್ ಒಂಟವ್ನೆ, ನಾನಿಲ್ಲ ಅಂದ್ರೆ ಯಾರ್ನ್ ಕರ್ಕಂಬತ್ತಾನೆ ಅಂತ ಕಿವೀಲಿ ಕೇಳ್ಬೇಕು, ನೀನ್ ನನ್ ಸೀರೆ ಉಟ್ಕಂಡ್ ಓಗು ಅಂದ್ರು. ಇಂದ್ಲ ರೂಮಲ್ಲಿ ಅವ್ರು ಕೂತ್ಕಂಡ್ರು. ಈಚೆಯಿಂದ ನಾನೇ ಬೀಗ ಆಕ್ದೆ. ಬೀಗದ್ ಕೈ ಉಮೇಶನ್ ಜೋಬಲ್ಲಿ."

"ಸಂಜೆ?" ಸರಳಾ ಬಾಗಿ ಕೇಳಿದಳು.

"ನನ್ನ ಇಲ್ಲೇ ಇಳ್ಸಿ ಅವ್ನೊಬ್ನೇ ಓದ. ಗೇಟಲ್ಲಿ ಆ ಹುಡ್ಗ ನಿಂತಿದ್ನಂತೆ. ಮೇಷ್ಟ್ರಮ್ಮ ಕೂಗ್ತಾರೆ, ಬೀಗ ತಗ್ದು ಎಲ್ರ ಮುಂದೆ ನಿಲ್ತಾರೆ ಅಂದ್ಕಂಡವ್ನೆ. ಕೂಗೇ ಇಲ್ಲ. ಕೈಕಾಲ್ ತೊಳ್ಕತೀನಿ ಅಂತ ಇಂದಕ್ ಓಗಿ ಕಿಟಕೀಲಿ ಇಣುಕಿದ್ರೆ ಒಳಗ್ ಯಾರೂ ಇಲ್ಲ! ಎದ್ರುಕೊಂಡು, ಲೇಪಾಕ್ಷೀಲೇ ತಪ್ಪೋದ್ರು ಅಂದ್ಬುಟ್ಟ. ಯಾರ್ಗೂ ಏಳ್ಬ್ಯಾಡ, ನಿನ್ನೂ ಇಡೀತಾರೆ ಅಂದ ನಂಗೆ." ಬಿಕ್ಕಳಿಕೆ. "ಊರೋರ್ಗೆಲ್ಲ ತೋರುಸ್ತಾನೆ, ನನ್ನ ಆ ಕಂಬ ನೋಡಕ್ ಕರ್ಕಂಡ್ ಓಗಿದ್ದು ಇದೇ ಮೊದ್ಲು ಕಣವ್ವ. ಎಷ್ಟ್ ಕುಸಿಯಾಗಿದ್ದೆ ಗೊತ್ತಾ."

ವೇದಾ ಫೋನನ್ನು ಕಿವಿಯಿಂದ ದೂರ ಹಿಡಿದು ನಿಂತಳು. ಅವಳಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಅವಮಾನವಾಗಿತ್ತು. ಗಂಡ, ಅತ್ತೆ ಇಬ್ಬರೂ ಸೇರಿ ತನ್ನೊಬ್ಬಳನ್ನೇ ಹೊರಗಿಟ್ಟಿದ್ದರು. ನಿನ್ನೆಯಿಂದ ಠಾಣೆ ಬಾಗಿಲಲ್ಲಿ ಅಳುತ್ತಾ ಕೂತವಳು ತಾನು.

ಒಳಗಿನಿಂದ ಸುತ್ತಿಗೆಯ ಏಟು ಕೇಳಿಸಿತು. ಸರಳಾ ಅವಳ ಕೈ ಹಿಡಿದು ಎಳೆದುಕೊಂಡೇ ಹೋದಳು. ಈ ಸಲ ಕಶ್ಯಪ್ ತಡೆಯಲಿಲ್ಲ.

ಐದನೇ ಏಟಿಗೆ ಚಿಲಕ ಕಿತ್ತು ಬಂತು. ರೂಮು ಖಾಲಿ. ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು. ಬಚ್ಚಲಲ್ಲೂ ಯಾರೂ ಇಲ್ಲ. ಮಂಚದ ಮೇಲೆ ತೊಳೆದು ಬೋರಲು ಹಾಕಿದ ಡಬ್ಬಿ, ನೆಲದ ಮೇಲೆ ಉರುಳಿದ ಸ್ಟೀಲ್ ಲೋಟ. ಪುಸ್ತಕದ ರಾಶಿಯ ಮೇಲೆ ನಲವತ್ತು ಪುಟದ ಒಂದು ನೋಟ್‍ಬುಕ್ಕು, ನಡುವೆ ಪೆನ್ನು ಸಿಕ್ಕಿಸಿತ್ತು.

ಟೀಚರ್ ಅಲ್ಲವೇ, ಎಲ್ಲ ಬರೆದಿಟ್ಟಿದ್ದರು. ಹೊತ್ತಿನ ಸಮೇತ, ದುಂಡನೆಯ ಅಕ್ಷರದಲ್ಲಿ.

"೧೦.೨೦. ಕಶ್ಯಪ, ಜೊತೆಗೆ ಇಬ್ಬರು. ಹಜಾರ ಅಳೆಯುತ್ತಿದ್ದಾರೆ.

೧೦.೫೦. ಮುದುಕಿ ಒಪ್ಪುತ್ತಾರಾ ಎಂದು ಒಬ್ಬ ಕೇಳಿದ. ಒಪ್ಪದಿದ್ದರೆ ವೃದ್ಧಾಶ್ರಮ ನೋಡಿದ್ದೇನೆ ಎಂದ ಕಶ್ಯಪ. ಲೋಟ ಕೈಜಾರಿತು.

೧೧.೩೦. ಹೋದರು.

೧.೦೦. ಮೊಸರನ್ನ."

ಸರಳಾ ಗಟ್ಟಿಯಾಗಿಯೇ ಓದಿದಳು. ಕಶ್ಯಪ್ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ಅಳುತ್ತಿದ್ದನೋ ಅಡಗುತ್ತಿದ್ದನೋ, ಅವಳಿಗೆ ನೋಡಲು ಪುರುಸೊತ್ತಿರಲಿಲ್ಲ. ಕೊನೆಯ ಸಾಲು ಇನ್ನೂ ಇತ್ತು.

"೫.೪೦. ಯಾರೋ ಬೀಗ ತೆಗೆಯುತ್ತಿದ್ದಾರೆ. ಕಾರಿನ ಸದ್ದು ಕೇಳಲಿಲ್ಲ. ಉಮೇಶನಾಗಿರಲಾರ."

ಅಲ್ಲಿಗೆ ಬರವಣಿಗೆ ನಿಂತಿತ್ತು.

"ಐದೂ ನಲವತ್ತಕ್ಕೆ ಇವ್ರು ರೋಡಲ್ಲೇ ಇದ್ರು ಮೇಡಂ!" ವೇದಾ ಚೀರಿದಳು. ತನ್ನ ಫೋನಿನ ಮೆಸೇಜು ಹುಡುಕಿದಳು. "ಕಾರು ನನ್ ಹೆಸರಲ್ಲಿದೆ. ಟೋಲ್ ಮೆಸೇಜ್ ನನಗೇ ಬರೋದು. ನೋಡಿ, ದೇವನಹಳ್ಳಿ ಹತ್ರ ಟೋಲ್ ದಾಟಿದ್ದು ಆರೂ ಇಪ್ಪತ್ತೆರಡು. ಅವ್ರಲ್ಲ! ಬೀಗ ತೆಗ್ದಿದ್ದು ಅವ್ರಲ್ಲ!"

ಅವಳು ಸರಳಾಳನ್ನು ತಬ್ಬಿಕೊಂಡು ಅತ್ತಳು. ಟೀಚರ್ ಎಲ್ಲಿ ಅನ್ನುವುದು ಇನ್ನೂ ಗೊತ್ತಿಲ್ಲ, ಬೀಗಕ್ಕೆ ಇನ್ನೊಂದು ಬೀಗದ ಕೈ ಯಾರ ಹತ್ತಿರ ಇತ್ತು ಅನ್ನುವುದೂ ಗೊತ್ತಿಲ್ಲ. ಆದರೆ ಉಮೇಶ ಬಾರ್ಡರ್ ದಾಟಬೇಕಾಗಿಲ್ಲ. ಇನ್ನೂ ಮೂರೂಮುಕ್ಕಾಲು ಗಂಟೆ ಕೈಯಲ್ಲಿತ್ತು. ಉಮೇಶ ಇದ್ದ ಠಾಣೆಯ ಇನ್‍ಸ್ಪೆಕ್ಟರ್ ವೆಂಕಟಸ್ವಾಮಿಯ ನಂಬರು ಒತ್ತಲು ಅವಳು ಫೋನು ತೆಗೆದಳು.

ಅಷ್ಟರಲ್ಲಿ ಅದೇ ರಿಂಗಾಯಿತು. ಆ ಕಡೆ ಇದ್ದವರು ವೆಂಕಟಸ್ವಾಮಿಯೇ.

"ಸಾರ್, ನಾನೇ ಮಾಡ್ತಿದ್ದೆ. ಉಮೇಶನ್ನ ಕಳಿಸ್ಬೇಡಿ. ನನ್ ಹತ್ರ ಪ್ರೂಫ್ ಇದೆ."

"ಕಳಿಸೋ ಮಾತೇ ಇಲ್ಲ ಬಿಡಿ ಮೇಡಂ. ಆ ಕಡೆಯವ್ರಿಗೆ ಬರೋದ್ ಬೇಡ ಅಂದ್ಬಿಟ್ಟೆ," ಎಂದರು ವೆಂಕಟಸ್ವಾಮಿ. ದನಿಯಲ್ಲಿ ಗೆಲುವಿರಲಿಲ್ಲ, ಸುಸ್ತಿತ್ತು. "ಕಾಲು ಗಂಟೆ ಹಿಂದೆ ಕೊಲೆ ಒಪ್ಕೊಂಡ. ಯಾರೂ ಕೈ ಮಾಡಿಲ್ಲ, ಅವನಾಗೇ ಕರೆದು ಹೇಳ್ದ. ಲೇಪಾಕ್ಷೀಲಿ ಅಲ್ವಂತೆ. ಹೆಸರಘಟ್ಟದ ಹುಲ್ಲುಗಾವಲಲ್ಲಿ. ಮಂಗಳವಾರ ರಾತ್ರಿ. ಜಾಗ ತೋರಿಸ್ತೀನಿ ಅಂದಿದ್ದಾನೆ, ಜೀಪ್ ಹೊರಟಿದೆ."

"ಸುಳ್ಳು ಸಾರ್ ಅದು," ಎಂದಳು ಸರಳಾ. "ತಾಯೀನ ಉಳಿಸಕ್ಕೆ ಹೇಳ್ತಿದ್ದಾನೆ. ಮಂಗಳವಾರ ರಾತ್ರಿ ಅವನು ಮನೇಲಿದ್ದ. ಎಂಟು ಗಂಟೆಗೆ ಬಂದು ಊಟ ಮಾಡಿ ಮಲಗಿದ್ದ. ಹೆಂಡತಿ ಇಲ್ಲೇ ಇದ್ದಾಳೆ, ಕೇಳಿ ಬೇಕಾದ್ರೆ."

ಅವಳು ಫೋನನ್ನು ವೇದಾಳ ಕಡೆ ಚಾಚಿದಳು. ವೇದಾ ಅದನ್ನು ತೆಗೆದುಕೊಳ್ಳಲಿಲ್ಲ. ಹಿಂದೆ ಸರಿದು ಮಂಚದ ಅಂಚಿನಲ್ಲಿ ಕೂತಳು.

"ಅದು ನಾನು ಸುಳ್ಳು ಹೇಳಿದ್ದು ಮೇಡಂ," ಎಂದಳು. "ಅವತ್ತು ರಾತ್ರಿ ಅವ್ರು ಮನೆಗೆ ಬರ್ಲೇ ಇಲ್ಲ. ಬೆಳಿಗ್ಗೆ ಬಂದಾಗ ಪ್ಯಾಂಟೆಲ್ಲ ಕೆಸರಾಗಿತ್ತು. ನಾನೇ ಒಗೆದು ಹಾಕ್ದೆ."